ಗಣಿತದ ಪೀರಿಯಡ್ಡಿನಲ್ಲಿ ಅದುರುತ್ತಿದ್ದ ಶಾಲೆ

2022ರ ಜುಲೈ. ನಾನಾಗ ಬಂಗಾರಪೇಟೆಯ ಇಂಜಿನಿಯರಿಂಗ್ ಉಪವಿಭಾಗವೊಂದರಲ್ಲಿ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಮೂವತ್ತಮೂರು ವರ್ಷಗಳಲ್ಲಿ ಸೋರುವ ಶಾಲೆ, ಕುಸಿಯುವ ಕಾಂಪೌಂಡು, ವಾಲಿದ ನೀರಿನ ಟ್ಯಾಂಕುಗಳನ್ನು ಸಾಕಷ್ಟು ನೋಡಿದ್ದ ನನಗೆ, ಒಂದು ಬೆಳಿಗ್ಗೆ ಮೇಜಿಗೆ ಬಂದ ಫೈಲಿನ ವಿಷಯ ಮಾತ್ರ ಹೊಸದಾಗಿ ಕಂಡಿತು: 'ಶಾಲಾ ಕಟ್ಟಡವು ಆಗಾಗ್ಗೆ ಅದುರುತ್ತಿರುವ ಬಗ್ಗೆ.'

ಮಾರಿಕುಪ್ಪಂ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅರವತ್ತೊಂದು ಮಕ್ಕಳು. ಜೂನ್ ತಿಂಗಳಿಂದ ಕಟ್ಟಡ ಹದಿನಾಲ್ಕು ಸಲ ಅದುರಿದೆಯೆಂದು ಮುಖ್ಯೋಪಾಧ್ಯಾಯರು ಬರೆದಿದ್ದರು. ಮೇಲಿನವರ ಟಿಪ್ಪಣಿ ಚಿಕ್ಕದಾಗಿತ್ತು. ಮೂರು ವಾರದೊಳಗೆ ವರದಿ ಕೊಡಬೇಕು, ಕಟ್ಟಡ ಯೋಗ್ಯವಲ್ಲದಿದ್ದರೆ ಮಕ್ಕಳನ್ನು ನಾಲ್ಕು ಕಿಲೋಮೀಟರ್ ಆಚೆಯ ಇನ್ನೊಂದು ಶಾಲೆಗೆ ಸೇರಿಸಬೇಕು. ಆ ಕಾಲೊನಿಯ ತಂದೆತಾಯಂದಿರಲ್ಲಿ ಹೆಚ್ಚಿನವರು ಬೆಳಗಿನ ಟ್ರೇನಿಗೆ ಬೆಂಗಳೂರಿಗೆ ಕೂಲಿಗೆ ಹೋಗಿ ಸಂಜೆ ಬರುವವರು. ರೈಲು ಹಳಿ ದಾಟಿ ನಾಲ್ಕು ಕಿಲೋಮೀಟರ್ ದೂರಕ್ಕೆ ಆರು ವರ್ಷದ ಮಗುವನ್ನು ದಿನವೂ ಯಾರು ಕರೆದುಕೊಂಡು ಹೋಗುತ್ತಾರೆ? ಹಾಗೆ ಸ್ಥಳಾಂತರವಾದ ಶಾಲೆಗಳಲ್ಲಿ ಮೊದಲು ಹಾಜರಿ ಕಡಿಮೆಯಾಗಿ, ಆಮೇಲೆ ಹೆಸರುಗಳೇ ಕಾಣೆಯಾಗುವುದನ್ನು ನಾನು ಕಂಡಿದ್ದೆ. ಹಾಗಾಗಿ ಆ ಫೈಲನ್ನು ಕೆಳಗಿನವರಿಗೆ ಕಳಿಸದೆ ನಾನೇ ಇಟ್ಟುಕೊಂಡೆ.

ಇನ್ನೊಂದು ಕಾರಣವೂ ಇತ್ತು. ನಾನು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಅಪ್ಪ ಬೂದಿಕೋಟೆ ಕಡೆಯ ರೈತರ ಮನೆಯವರು. ಗಣಿಯಲ್ಲಿ ಟಿಂಬರ್‌ಮನ್ ಆಗಿದ್ದರು, ಅಂದರೆ ಸುರಂಗದ ಮಾಳಿಗೆ ಕುಸಿಯದಂತೆ ಮರದ ಕಂಬ, ತೊಲೆಗಳನ್ನು ಕೊಟ್ಟು ನಿಲ್ಲಿಸುವ ಕೆಲಸ. ನಮ್ಮ ಕಡೆ 'ಏರ್ ಬ್ಲಾಸ್ಟ್' ಅನ್ನುವ ಮಾತು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಒಮ್ಮೆಲೇ ಸಿಡಿಯುವುದಕ್ಕೆ ಹಾಗೆನ್ನುತ್ತಿದ್ದರು. ಮೇಲೆ ನಮ್ಮ ಮನೆಯಲ್ಲಿ ನೆಲ ಒಂದು ಸಲ ಧಡ್ ಎಂದು ಎದ್ದು ಕೂತಂತಾಗುತ್ತಿತ್ತು, ಅಟ್ಟದಿಂದ ಪಾತ್ರೆ ಉರುಳುತ್ತಿತ್ತು. ಅಮ್ಮ ಪಾತ್ರೆಯನ್ನು ಎತ್ತುವ ಮೊದಲು ಬಾಗಿಲಿಗೆ ಬಂದು, ಅಪ್ಪ ಗಣಿಗೆ ಇಳಿಯುವ ಶಾಫ್ಟ್ ಕಡೆ ನೋಡುತ್ತಿದ್ದಳು. ಗಣಿ ಮುಚ್ಚಿ ಇಪ್ಪತ್ತೊಂದು ವರ್ಷವಾಗಿತ್ತು. ಈಗ ನೆಲ ಅದುರುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುವುದು ನನ್ನಿಂದ ಸಾಧ್ಯವಿರಲಿಲ್ಲ.

ಮರುದಿನ ನಮ್ಮ ವರ್ಕ್ ಇನ್ಸ್‌ಪೆಕ್ಟರ್ ಸೆಲ್ವಂ ಅವರನ್ನು ಕರೆದುಕೊಂಡು ಟ್ರೇನಿನಲ್ಲಿ ಹೋದೆ. ಸೆಲ್ವಂ ಕೆ.ಜಿ.ಎಫ್‌ನವರೇ. ದಾರಿಯುದ್ದಕ್ಕೂ ತಮ್ಮ ಸಿದ್ಧಾಂತವನ್ನು ವಿವರಿಸಿದರು. ಹಳೆಯ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ, ಆ ನೀರು ಬಂಡೆಯನ್ನು ತಳ್ಳುತ್ತಿದೆ, ಶಾಲೆ ಒಂದು ದಿನ ಹಾಗೇ ಒಳಗೆ ಇಳಿದುಬಿಡುತ್ತದೆ. ಇಷ್ಟನ್ನೂ ಅವರು ಕಡಲೆಕಾಯಿ ಸುಲಿಯುತ್ತಾ ಬಹಳ ಸಮಾಧಾನವಾಗಿ ಹೇಳಿದರು.

ಶಾಲೆ ಇದ್ದದ್ದು ಬ್ರಿಟಿಷರ ಕಾಲದ ಒಂದು ಉಗ್ರಾಣದಲ್ಲಿ. ಎರಡಂತಸ್ತು, ಎರಡಡಿ ದಪ್ಪದ ಕಲ್ಲಿನ ಗೋಡೆ. ಮೇಲಂತಸ್ತಿನ ನೆಲ ಮಾತ್ರ ಮರದ್ದು. ಗೋಡೆಯಿಂದ ಗೋಡೆಗೆ ದಪ್ಪ ತೊಲೆಗಳು, ಅವುಗಳ ಮೇಲೆ ಅಡ್ಡ ಜಂತೆಗಳು, ಅದರ ಮೇಲೆ ಹಲಗೆ. ಕೆಳಗೆ ನಲಿ-ಕಲಿಯ ಚಿಕ್ಕ ಮಕ್ಕಳು, ಮೇಲೆ ದೊಡ್ಡ ತರಗತಿಗಳು. ಮುಖ್ಯೋಪಾಧ್ಯಾಯ ನಾಗರಾಜಪ್ಪನವರು ಬೂದಿಕೋಟೆ ಪಕ್ಕದ ಹಳ್ಳಿಯವರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು, ಟ್ರೇನು ಹಿಡಿದು ಸರಿಯಾದ ಸಮಯಕ್ಕೆ ಶಾಲೆಯ ಬೀಗ ತೆಗೆಯುವ ಮನುಷ್ಯ. ಈ ಊರಿಗೆ ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಅದುರಿದ ದಿನ, ಗಂಟೆ, ಎಷ್ಟು ಸೆಕೆಂಡು, ಆಗ ಏನೇನಾಯಿತು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿಟ್ಟಿದ್ದರು. ನಮ್ಮ ಇಲಾಖೆಯ ಅಳತೆ ಪುಸ್ತಕಗಳೂ ಅಷ್ಟು ಚೊಕ್ಕಟವಾಗಿರುವುದಿಲ್ಲ.

"ನಮ್ಮೂರ್ ಕಡೆ ಇಂತದ್ದೆಲ್ಲ ಇಲ್ಲ ಮೇಡಂ," ಎಂದರು. "ಮೊದಲ್ನೇ ದಿನ ನಂಗೆ ತಲೆ ಸುತ್ತು ಅಂದ್ಕೊಂಡೆ. ಮಕ್ಕಳೇ ಏಳಿದ್ರು, ಸಾರ್ ಇದು ಏರ್ ಬ್ಲಾಸ್ಟು, ಆಚೆ ಓಗ್ಬೇಕು ಅಂತ."

ಪ್ರತಿ ಸಲವೂ ಅವರು ಮೇಲಿನ ಮಕ್ಕಳನ್ನು ಸಾಲಾಗಿ ಇಳಿಸಿ, ಕೆಳಗಿನ ಚಿಕ್ಕವರನ್ನೂ ಹೊರಡಿಸಿ, ಬಯಲಿನಲ್ಲಿ ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂರಿಸುತ್ತಿದ್ದರು. ಕೆಳಗಿನ ತರಗತಿಯ ಟೀಚರ್ ಕೂಡ ಸಾಕ್ಷಿ ಹೇಳಿದರು. ಮಾಳಿಗೆಯಿಂದ ಧೂಳು ಉದುರುತ್ತದೆ, ಎರಡು ಸಲ ಮೇಜಿನ ಮೇಲಿದ್ದ ಲೋಟದಿಂದ ನೀರು ತುಳುಕಿದೆ. ಇವರಿಬ್ಬರೂ ಸುಳ್ಳು ಹೇಳುವ ಜನರಾಗಿ ಕಾಣಲಿಲ್ಲ.

ಗೋಡೆಗಳಲ್ಲಿ ಐದು ಬಿರುಕುಗಳಿದ್ದವು. ಎಲ್ಲವೂ ಹಳೆಯವು, ಒಳಗೆ ಜೇಡ ಬಲೆ ಕಟ್ಟಿತ್ತು. ಆದರೂ ಒಂದೊಂದರ ಮೇಲೂ ಟೆಲ್‌ಟೇಲ್ ಹಚ್ಚಿಸಿದೆ. ಇದು ಬಹಳ ಸರಳವಾದ ಉಪಾಯ. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿನ ಅಡ್ಡಕ್ಕೆ ಎರಡು ಕಡೆ ಗಾರೆ ಹಾಕಿ ಕೂರಿಸುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಮಾಳಿಗೆಯ ತೊಲೆಗಳನ್ನು ಕೆಳಗಿನಿಂದಲೇ ನೋಡಿದೆ. ದಪ್ಪಗೆ ಹಸಿರು ಬಣ್ಣ ಬಳಿದುಕೊಂಡು ಗಟ್ಟಿಮುಟ್ಟಾಗಿ ಕಂಡವು. ಮಾಳಿಗೆ ಹದಿನಾಲ್ಕಡಿ ಎತ್ತರ, ಶಾಲೆಯಲ್ಲಿ ಏಣಿ ಇರಲಿಲ್ಲ. ಹೊರಗೆ ಹೋಗಿ ಒಂದು ಏಣಿ ತರಿಸುವ ಮನಸ್ಸನ್ನು ನಾನು ಮಾಡಲಿಲ್ಲ. ಇದನ್ನು ಇಲ್ಲಿ ಮುಚ್ಚಿಡಲಾರೆ.

ಒಂದು ವಾರ ಕಾದೆವು. ಆ ವಾರದಲ್ಲಿ ಕಟ್ಟಡ ಮತ್ತೆ ಎರಡು ಸಲ ಅದುರಿತೆಂದು ನಾಗರಾಜಪ್ಪನವರ ಫೋನು ಬಂತು. ಹೋಗಿ ನೋಡಿದರೆ ಐದು ಗಾಜೂ ಹಾಗೇ ಇದ್ದವು. ಶಾಲೆಯ ಎದುರಿಗೇ ತಗಡಿನ ಮನೆಯ ಮುಂದೆ ಕೂತಿದ್ದ ಅಜ್ಜಿಯನ್ನು ಸೆಲ್ವಂ ತಮಿಳಿನಲ್ಲಿ ವಿಚಾರಿಸಿದರು. ಅವಳ ಗಂಡ ಗಣಿಯಲ್ಲೇ ದುಡಿದು ಸತ್ತವನು. ಏರ್ ಬ್ಲಾಸ್ಟ್ ಎಂದರೇನೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳು ನನ್ನನ್ನೇ ನೋಡಿ ಕನ್ನಡದಲ್ಲಿ ಹೇಳಿದಳು: "ನಮ್ ಮನೇಲಿ ಒಂದ್ ಲೋಟ ಬೀಳ್ಲಿಲ್ಲಮ್ಮ. ಆ ಇಸ್ಕೂಲ್ಗೆ ಮಾತ್ರ ಬತ್ತದಾ ಬ್ಲಾಸ್ಟು?"

ಆ ಸಂಜೆ ಮುಖ್ಯೋಪಾಧ್ಯಾಯರ ನೋಟ್‌ಬುಕ್ಕನ್ನು ಮನೆಗೆ ತಂದೆ. ಶಾಲೆಯ ವೇಳಾಪಟ್ಟಿಯ ಒಂದು ಪ್ರತಿಯನ್ನೂ ಕೇಳಿ ತಂದಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಆಟದ ಪೀರಿಯಡ್ಡಿನಲ್ಲಿ ಒಂದು ಸಲವೂ ಅದುರಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಇಲ್ಲ, ಊಟದ ಹೊತ್ತಿನಲ್ಲಿ ಇಲ್ಲ. ಒಟ್ಟು ಹದಿನಾರರಲ್ಲಿ ಹದಿನಾಲ್ಕು ಸಲ ಏಳನೇ ತರಗತಿಗೆ ಗಣಿತ ನಡೆಯುವಾಗ. ಉಳಿದೆರಡು ಸಲ ವಿಜ್ಞಾನ, ಆ ಎರಡೂ ದಿನ ಕಿರುಪರೀಕ್ಷೆ. ಗಣಿತ, ವಿಜ್ಞಾನ ಎರಡನ್ನೂ ಹೇಳಿಕೊಡುತ್ತಿದ್ದವರು ನಾಗರಾಜಪ್ಪನವರೇ. ತಾವು ಕಂಡದ್ದನ್ನು ಮಾತ್ರ ಬರೆಯುವ ಪ್ರಾಮಾಣಿಕರು. ತಾವು ತರಗತಿಯಲ್ಲಿ ಇರುವಾಗ ಮಾತ್ರ ಅದುರುತ್ತಿದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ನಾನು ಒಬ್ಬಳೇ ಜೋರಾಗಿ ನಕ್ಕೆ. ಅಡುಗೆಮನೆಯಿಂದ ನನ್ನ ಯಜಮಾನರು ಇಣುಕಿ ನೋಡಿದರು. ಈ ಕಳ್ಳಾಟ ನನಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಏಳನೇ ತರಗತಿಯಲ್ಲಿ ನಾನೇ ಅದನ್ನು ಮಾಡಿದ್ದೆ.

ಆಗ ನಮ್ಮ ಶಾಲೆಗೆ ಧಾರವಾಡದ ಕಡೆಯಿಂದ ಶಿವಪ್ಪ ಮೇಷ್ಟ್ರು ಬಂದಿದ್ದರು. ಎತ್ತರದ ಆಳು, ಬಿಳಿ ಪಂಚೆ, ನಮಗೆ ಅರ್ಧ ಮಾತ್ರ ಅರ್ಥವಾಗುವ ಕನ್ನಡ. ಅವರ ತರಗತಿಯೂ ಮಹಡಿಯ ಮೇಲೆ, ಹಲಗೆ ನೆಲದಲ್ಲೇ. ಅವರು ಬಂದ ಎರಡನೇ ವಾರ ನಿಜವಾದ ಏರ್ ಬ್ಲಾಸ್ಟ್ ಒಂದು ಆಯಿತು. ಸಣ್ಣದು. ನಾವು ತಲೆಯೆತ್ತಲಿಲ್ಲ. ಮೇಷ್ಟ್ರು ಮಾತ್ರ ಸೀಮೆಸುಣ್ಣ ಕೆಳಗೆ ಹಾಕಿ ಗೋಡೆಗೆ ಆತುಕೊಂಡರು. ಅದನ್ನು ನೋಡಿದ ನನಗೂ ನನ್ನ ಪಕ್ಕದ ಪದ್ಮಾಳಿಗೂ ಒಂದೇ ಯೋಚನೆ ಬಂತು. ಮುಂದಿನ ವಾರದಿಂದ ಮೂವತ್ತನಾಲ್ಕು ಜನ ಒಟ್ಟಿಗೆ ಹಿಮ್ಮಡಿಯಿಂದ ನೆಲ ಕುಟ್ಟಿ, ಬೆಂಚು ಅಲ್ಲಾಡಿಸಿ, ಹೆದರಿದವರಂತೆ ಕಿರುಚತೊಡಗಿದೆವು. ಮೇಷ್ಟ್ರು ನಮ್ಮನ್ನು ಹೊರಗೆ ಕರೆದೊಯ್ಯುತ್ತಿದ್ದರು. ಎರಡು ಸಲ ಹೀಗೆ ಆಟಕ್ಕೆ ಬಿಡುವು ಸಿಕ್ಕಿತು.

ಮೂರನೇ ಸಲ ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಎಲ್ಲರೂ ಇಳಿದ ಮೇಲೆ ಹಿಂದಿನ ಬೆಂಚಿನಡಿ ಅಡಗಿ ಕೂತೆ. ಮೇಷ್ಟ್ರು ಇಲ್ಲದ ತರಗತಿಯಲ್ಲಿ ಅವರ ಕುರ್ಚಿಯ ಮೇಲೆ ಒಂದು ಸಲ ಕೂರಬೇಕು ಎನ್ನುವುದಷ್ಟೇ ಆಸೆ. ಅವರು ಕೆಳಗೆ ತಲೆ ಎಣಿಸಿರಬೇಕು, ಮೂವತ್ತಮೂರು ಬಂದಿರಬೇಕು. ಮೆಟ್ಟಿಲ ಮೇಲೆ ಧಡಧಡ ಸದ್ದು ಕೇಳಿತು. ಮಾಳಿಗೆ ಈಗ ತಲೆಯ ಮೇಲೆ ಬೀಳುತ್ತದೆ ಎಂದು ನಂಬಿಕೊಂಡೇ ಆ ಮನುಷ್ಯ ಮತ್ತೆ ಒಳಗೆ ಬಂದಿದ್ದರು.

"ಮಂಜುಳಾ, ಎಲ್ಲಿ ಅದೀಯವ್ವಾ? ಅಂಜಬ್ಯಾಡ, ನಾ ಬಂದೀನಿ," ಎಂದು ಒಂದೊಂದೇ ಬೆಂಚು ಬಗ್ಗಿ ನೋಡುತ್ತಿದ್ದರು.

ನಾನು ಹೊರಗೆ ಬಂದಾಗ ಅವರು ಬೈಯಲಿಲ್ಲ. ನನ್ನ ಕೈ ಹಿಡಿದು, ನನ್ನನ್ನು ತಮ್ಮ ಎದೆಯ ಕೆಳಗೆ ಬಗ್ಗಿಸಿಕೊಂಡು ಮೆಟ್ಟಿಲಿಳಿದರು. ಬಯಲಿಗೆ ಬಂದ ಮೇಲೆ ಹೂಜಿಯ ನೀರು ಕುಡಿಸಿ, ಎಲ್ಲಾದರೂ ಪೆಟ್ಟಾಯಿತೇ ಎಂದು ವಿಚಾರಿಸಿದರು. ನಾನು ಅತ್ತೆ. ಹೆದರಿ ಅಳುತ್ತಿದ್ದೇನೆಂದು ಅವರು ತಿಳಿದರು. ಆ ದಿನದ ನಂತರ ನಾವು ಯಾರೂ ನೆಲ ಕುಟ್ಟಲಿಲ್ಲ. ಆದರೆ ನಿಜವನ್ನೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಅವರಿಗೆ ತಮ್ಮ ಕಡೆಗೇ ವರ್ಗವಾಯಿತು. ಅವರು ಹೊರಟ ದಿನ ಮಾರಿಕುಪ್ಪಂ ನಿಲ್ದಾಣಕ್ಕೆ ನಾವೆಲ್ಲ ಹೋಗಿದ್ದೆವು. ಅಲ್ಲೂ ನನಗೆ ಬಾಯಿ ಬರಲಿಲ್ಲ.

ನೋಟ್‌ಬುಕ್ಕು ಓದಿದ ಮೇಲಿನ ಗುರುವಾರ ಯಾರಿಗೂ ಹೇಳದೆ ನಾಗರಾಜಪ್ಪನವರ ಶಾಲೆಗೆ ಹೋದೆ. ಗಣಿತದ ಪೀರಿಯಡ್ಡು ಶುರುವಾದ ಮೇಲೆ ಕೆಳಗಿನ ತರಗತಿಯ ಮೂಲೆಯಲ್ಲಿ, ತುಂಬಿದ ನೀರಿನ ಲೋಟ ಮುಂದಿಟ್ಟುಕೊಂಡು ಕೂತೆ. ಇಪ್ಪತ್ತು ನಿಮಿಷದ ಮೇಲೆ ನೀರಿನ ಮೇಲೆ ಸಣ್ಣ ಉಂಗುರ ಕಂಡಿತು. ಮತ್ತೊಂದು, ಮತ್ತೊಂದು. ನಿಜವಾದ ಏರ್ ಬ್ಲಾಸ್ಟ್ ಒಂದೇ ಪೆಟ್ಟಿಗೆ ಬಂದು ಅಡಗುತ್ತದೆ. ಇದು ಮೆಲ್ಲಗೆ ಶುರುವಾಗಿ ತಾಳ ಹಿಡಿದು ಏರುತ್ತಿತ್ತು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಒಂದು ಬೆರಳಿನಿಂದ ತಳ್ಳುತ್ತಾ ಹೋದರೂ ಅದು ಎತ್ತರಕ್ಕೆ ಏರುತ್ತದಲ್ಲ, ಹಾಗೆ. ನಮ್ಮ ಭಾಷೆಯಲ್ಲಿ ಇದಕ್ಕೆ ರೆಸೊನೆನ್ಸ್ ಎನ್ನುತ್ತಾರೆ. ಧೂಳು ಉದುರಿತು, ಲೋಟದ ನೀರು ಅಂಚು ದಾಟಿ ಮೇಜಿನ ಮೇಲೆ ಹರಿಯಿತು. ಮೇಲಿನಿಂದ ನಾಗರಾಜಪ್ಪನವರ ಗಾಬರಿಯ ದನಿ ಕೇಳಿತು.

ಮೆಟ್ಟಿಲಲ್ಲೇ ಅವರನ್ನು ತಡೆದು, ಹತ್ತು ನಿಮಿಷ ಕೆಳಗಿರಬೇಕೆಂದು ಕೇಳಿಕೊಂಡೆ. ಮೇಲೆ ಹದಿನೆಂಟು ಮಕ್ಕಳು ಬಹಳ ವಿನಯವಾಗಿ ಎದ್ದು ನಿಂತರು. ಬೆಂಚುಗಳ ಕೆಳಗೆ ಹದಿನೆಂಟು ಜೊತೆ ಚಪ್ಪಲಿಗಳು ಸಾಲಾಗಿದ್ದವು, ಕಾಲುಗಳಲ್ಲಿ ಒಂದೂ ಇರಲಿಲ್ಲ. ಚಪ್ಪಲಿ ಬಿಟ್ಟರೆ ಸದ್ದಾಗುವುದಿಲ್ಲ ಎಂಬ ಜಾಣತನ ನಮ್ಮ ಕಾಲದಲ್ಲಿ ಇರಲಿಲ್ಲ, ನಮಗೆ ಚಪ್ಪಲಿಯೇ ಇರಲಿಲ್ಲ.

ನಾನು ಏನನ್ನೂ ಕೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಸಿಕೊಂಡು ಕೂತೆ, ನನ್ನ ಚಪ್ಪಲಿಯನ್ನೂ ಬಿಟ್ಟೆ, ಹಿಮ್ಮಡಿ ಎತ್ತಿ ನೆಲಕ್ಕೆ ಕುಟ್ಟತೊಡಗಿದೆ. ಐವತ್ತೆಂಟು ವರ್ಷದ ಹೆಂಗಸು ಮುಖ ಗಂಭೀರ ಮಾಡಿಕೊಂಡು ಹೀಗೆ ಕುಟ್ಟುವುದನ್ನು ಅವರು ಬಾಯಿ ಬಿಟ್ಟು ನೋಡಿದರು. ನೆಲ ಅಲ್ಲಾಡಲಿಲ್ಲ. ನನ್ನ ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿ, ಹೆಸರು ರೇವತಿ ಎಂದು ಆಮೇಲೆ ತಿಳಿಯಿತು, ಸ್ವಲ್ಪ ಹೊತ್ತು ತಡೆದುಕೊಂಡಳು. ಕೊನೆಗೆ ತಾಳಲಾರದೆ ಹೇಳಿಯೇಬಿಟ್ಟಳು.

"ಅಂಗಲ್ಲ ಮೇಡಂ. ಎಲ್ರೂ ಒಟ್ಗೆ ಮಾಡ್ಬೇಕು. ಮೆಲ್ಲಗೆ."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೇ ಅರ್ಥವಾಯಿತು. ಮುಂದಿನ ಬೆಂಚಿನ ಹುಡುಗನೊಬ್ಬ ತಿರುಗಿ, ಕೆಡಿಸಿಬಿಟ್ಯಲ್ಲೇ ಎನ್ನುವಂತೆ ನೋಡಿದ. ನಾನು ನಕ್ಕೆ, ಅವರೂ ಒಬ್ಬೊಬ್ಬರಾಗಿ ನಕ್ಕರು.

ಆಮೇಲೆ ಫೈಲಿನಲ್ಲಿ ಏನಿದೆ ಎಂಬುದನ್ನು ಅವರಿಗೆ ಹೇಳಿದೆ. ಶಾಲೆ ಮುಚ್ಚಬಹುದು, ಅವರೂ ಅವರ ತಮ್ಮತಂಗಿಯರೂ ಹಳಿ ದಾಟಿ ನಾಲ್ಕು ಕಿಲೋಮೀಟರ್ ನಡೆಯಬೇಕಾಗಬಹುದು. ನಗು ನಿಂತಿತು. ರೇವತಿಯ ತಂಗಿ ಕೆಳಗೆ ಒಂದನೇ ತರಗತಿಯಲ್ಲಿದ್ದಳು. ಅಮ್ಮ ಬೆಳಗಿನ ಟ್ರೇನಿಗೆ ಹೋದ ಮೇಲೆ ತಂಗಿಗೆ ತಲೆ ಬಾಚಿ ಕರೆತರುವುದು ಇವಳದೇ ಕೆಲಸ.

"ಮ್ಯಾತ್ಸ್ ತಪ್ಪಿಸ್ಕೊಳಾಕೆ ಮಾಡಿದ್ದು ಮೇಡಂ," ಎಂದಳು. ಕಣ್ಣಿನಲ್ಲಿ ನೀರಿತ್ತು. "ಇಸ್ಕೂಲ್ ಮುಚ್ಚಾಕಲ್ಲ."

ಶಿವಪ್ಪ ಮೇಷ್ಟ್ರ ಕಥೆಯನ್ನು ಅವರಿಗೆ ಪೂರ್ತಿಯಾಗಿ ಹೇಳಿದೆ. ಬೆಂಚಿನಡಿ ಅಡಗಿದ್ದನ್ನೂ, ಮೇಷ್ಟ್ರು ನನಗಾಗಿ ಮತ್ತೆ ಒಳಗೆ ಬಂದದ್ದನ್ನೂ, ನಿಲ್ದಾಣದಲ್ಲಿ ಬಾಯಿ ಬಾರದೆ ನಿಂತದ್ದನ್ನೂ ಬಿಡಲಿಲ್ಲ. ನಿಮ್ಮ ಮೇಷ್ಟ್ರಿಗೆ ನಾನೇ ಹೇಳಲೋ, ನೀವು ಹೇಳುತ್ತೀರೋ ಎಂದು ಕೇಳಿದೆ. ಅವರೇ ಹೇಳಿದರು. ನಾಗರಾಜಪ್ಪನವರು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಕೋಪ ಬಂದಿತ್ತು, ಕಿವಿ ಕೆಂಪಾಗಿತ್ತು. ಆದರೆ ಹದಿನೆಂಟು ಮಕ್ಕಳೂ ಒಬ್ಬರ ಮೇಲೆ ಒಬ್ಬರು ಹಾಕದೆ ಒಟ್ಟಿಗೆ ನಿಂತದ್ದು ಅವರ ಕೋಪವನ್ನು ಸ್ವಲ್ಪ ಕರಗಿಸಿರಬೇಕು. ನಾನು ಹಿಂದಿರುಗಿಸಿದ್ದ ನೋಟ್‌ಬುಕ್ ತೆರೆದು ಬೆರಳಿಟ್ಟು ಎಣಿಸಿದರು.

"ಇವತ್ತಿಂದು ಸೇರಿ ಅದಿನೇಳು ಪೀರಿಯಡ್ಡು," ಎಂದರು. "ಶನಿವಾರ ಶನಿವಾರ ಮದ್ಯಾನ ಕೂರ್ಬೇಕು. ಅದಿನೇಳೂ ನಾನ್ ಬಿಡಾಕಿಲ್ಲ."

ಬಂಗಾರಪೇಟೆಗೆ ಮರಳಿ ವರದಿಯನ್ನು ಬರೆದೆ. ನೆಲದಲ್ಲಿ ಕಂಪನವಿಲ್ಲ, ಗೋಡೆಗಳು ಸರಿದಿಲ್ಲ, ದೂರಿಗೆ ಕಾರಣ ಮಕ್ಕಳ ತುಂಟತನ, ಕಟ್ಟಡ ಬಳಕೆಗೆ ಯೋಗ್ಯ. ಸೋಮವಾರ ಸಹಿ ಮಾಡಿ ಕಳಿಸುವುದೆಂದು ಡ್ರಾಯರಿನಲ್ಲಿ ಇಟ್ಟೆ. ಸೆಲ್ವಂಗೆ ಮಾತ್ರ ಸ್ವಲ್ಪ ನಿರಾಶೆಯಾಗಿತ್ತು.

ಭಾನುವಾರ ಪದ್ಮಾಳಿಗೆ ಫೋನ್ ಮಾಡಿದೆ. ಅವಳು ಈಗ ಆಂಡರ್ಸನ್‌ಪೇಟೆಯಲ್ಲಿ ಮೊಮ್ಮಕ್ಕಳೊಂದಿಗೆ ಇದ್ದಾಳೆ. ನಮ್ಮ ವಿದ್ಯೆಯನ್ನು ಈಗಿನ ಮಕ್ಕಳು ಎಷ್ಟು ಚೆನ್ನಾಗಿ ಕಲಿತಿದ್ದಾರೆ, ಕೆಳಗಿನ ಲೋಟದ ನೀರು ಚೆಲ್ಲಿಹೋಯಿತು ಎಂದು ವರ್ಣಿಸಿದೆ. ಅವಳು ನಂಬಲಿಲ್ಲ.

"ಏನ್ ಸುಳ್ ಏಳ್ತೀಯೇ," ಎಂದಳು. "ನಾವ್ ಮೂವತ್ತನಾಕ್ ಜನ ಕುಟ್ಟಿದ್ರೂ ಮೇಷ್ಟ್ರು ಟೇಬಲ್ ಮೇಲಿನ್ ಇಂಕ್ ಬುಡ್ಡಿ ಅಲ್ಲಾಡ್ಲಿಲ್ಲ. ಅದಕ್ಕೇ ಅಲ್ವಾ ಬೆಂಚ್ ಅಲ್ಲಾಡ್ಸಿ ಕಿರುಚ್ತಿದ್ದಿದ್ದು?"

ಅವಳು ಬೇರೇನೋ ಮಾತಾಡುತ್ತಾ ಹೋದಳು. ನನಗೆ ಮುಂದೆ ಏನೂ ಕೇಳಿಸಲಿಲ್ಲ. ಅವಳು ಹೇಳಿದ್ದು ನಿಜ. ನಮ್ಮ ಶಾಲೆಯ ಹಲಗೆ ನೆಲ ಮೂವತ್ತನಾಲ್ಕು ಮಕ್ಕಳ ಕುಟ್ಟಿಗೆ ಜಗ್ಗಿರಲಿಲ್ಲ, ನಾವು ನಾಟಕ ಮಾಡಬೇಕಾಗಿತ್ತು. ಇಲ್ಲಿ ಹದಿನೆಂಟು ಬಡಕಲು ಮಕ್ಕಳು ಬರಿಗಾಲಿನಲ್ಲಿ, ಸದ್ದಿಲ್ಲದೆ, ಮಾಳಿಗೆಯ ಧೂಳನ್ನು ಉದುರಿಸಿ ಕೆಳಗಿನ ಲೋಟದ ನೀರನ್ನು ಚೆಲ್ಲಿಸುತ್ತಿದ್ದರು. ತುಂಟತನದಲ್ಲಿ ಅವರು ನಮಗಿಂತ ಜಾಣರಿರಬಹುದು. ಅಷ್ಟೊಂದು ಭಾರವಾದ ತೊಲೆಗಳನ್ನು ತೂಗುವಷ್ಟು ಜಾಣರಾಗಿರಲು ಸಾಧ್ಯವಿಲ್ಲ.

ಸೋಮವಾರ ಮೊದಲ ಟ್ರೇನಿಗೆ ಹೊರಟೆ. ಸೆಲ್ವಂ ವಿದ್ಯುತ್ ಕೆಲಸದವರಿಂದ ಹದಿನೈದಡಿ ಏಣಿಯೊಂದನ್ನು ಕೇಳಿ ತಂದಿದ್ದರು. ಮಕ್ಕಳನ್ನೆಲ್ಲ ಬಯಲಿನಲ್ಲಿ ಕೂರಿಸಲು ನಾಗರಾಜಪ್ಪನವರಿಗೆ ಹೇಳಿದಾಗ ಅವರು ಒಂದು ಕ್ಷಣ ನನ್ನನ್ನೂ ಅನುಮಾನದಿಂದ ನೋಡಿದರು. ಸುತ್ತಿಗೆ ಹಿಡಿದು ನಾನೇ ಏಣಿ ಹತ್ತಿದೆ. ಮರವನ್ನು ತಟ್ಟಿ ಕೇಳುವುದನ್ನು ನನಗೆ ಕಲಿಸಿದ್ದು ಇಂಜಿನಿಯರಿಂಗ್ ಕಾಲೇಜಲ್ಲ, ಅಪ್ಪ. ಗಟ್ಟಿ ಮರ ಮೇಲುದನಿಯಲ್ಲಿ ಚುರುಕಾಗಿ ಉತ್ತರ ಕೊಡುತ್ತದೆ, ಒಳಗೆ ಹಾಳಾದದ್ದು ಮುದುಕನ ಕೆಮ್ಮಿನ ಹಾಗೆ ಎನ್ನುತ್ತಿದ್ದರು. ಮೊದಲ ಎರಡು ತೊಲೆಗಳು ಚೆನ್ನಾಗಿ ಉತ್ತರ ಕೊಟ್ಟವು. ಮೂರನೆಯದರ ನಡುವೂ ಸರಿಯಿತ್ತು. ಅದು ಪಶ್ಚಿಮದ ಗೋಡೆಯೊಳಗೆ ಹೊಕ್ಕುವ ಕಡೆ ತಟ್ಟಿದೆ. ಕೆಮ್ಮಿತು.

ಸ್ಕ್ರೂಡ್ರೈವರ್ ತೆಗೆದು ಒತ್ತಿದೆ. ಹಸಿರು ಬಣ್ಣದ ಪದರ ದಾಟಿದ ಮೇಲೆ ಅದು ಬೆಣ್ಣೆಗೆ ಹೋದಂತೆ ಹಿಡಿಕೆಯವರೆಗೂ ಇಳಿಯಿತು. ಗಾರೆ ಕಿತ್ತು ನೋಡಿದರೆ, ಗೋಡೆಯ ಹೊರಗೆ ಮಳೆನೀರು ಇಳಿಯುವ ಕೊಳವೆ ಒಡೆದು ಎಷ್ಟೋ ವರ್ಷದಿಂದ ನೀರು ಗೋಡೆಯೊಳಗೇ ಹೋಗುತ್ತಿತ್ತು. ತೊಲೆಯ ತುದಿ ಕೊಳೆತಿತ್ತು, ಮಿಕ್ಕಿದ್ದನ್ನು ಗೆದ್ದಲು ತಿಂದಿತ್ತು. ಗೋಡೆಯೊಳಗೆ ಒಂಬತ್ತು ಇಂಚು ಕೂರಬೇಕಾದ ತೊಲೆ ಎರಡು ಇಂಚಿನ ಮೇಲೆ ನಿಂತಿತ್ತು. ಅದಕ್ಕೇ ಆ ನೆಲ ಉಯ್ಯಾಲೆಯಾಗಿತ್ತು. ಏಣಿಯ ಮೇಲೆ ನಿಂತಲ್ಲೇ ಕೆಳಗೆ ನೋಡಿದೆ. ಸರಿಯಾಗಿ ಅದರಡಿ ನಲಿ-ಕಲಿ ಮಕ್ಕಳ ಸಣ್ಣ ಸಣ್ಣ ದುಂಡು ಮೇಜುಗಳಿದ್ದವು. 'ಬಳಕೆಗೆ ಯೋಗ್ಯ' ಎಂದು ನಾನು ಬರೆದ ಕಾಗದ ಆಗ ಬಂಗಾರಪೇಟೆಯ ಡ್ರಾಯರಿನಲ್ಲಿತ್ತು.

ಅದೇ ಮಧ್ಯಾಹ್ನ ಆ ತೊಲೆಯಡಿ ಉಕ್ಕಿನ ಆಧಾರ ಕಂಬಗಳನ್ನು ಕೊಡಿಸಿ, ಮೇಲಂತಸ್ತಿಗೂ ಆ ಪಶ್ಚಿಮದ ಕೋಣೆಗೂ ಬೀಗ ಹಾಕಿಸಿದೆ. ಮೇಲಿನ ತರಗತಿಗಳು ಜಗಲಿಗೆ ಬಂದವು. ವಿಷಯ ತಿಳಿದ ರೇವತಿ ಸದ್ದಿಲ್ಲದೆ ನನ್ನ ಪಕ್ಕ ಬಂದು ನಿಂತಳು.

"ಅಂಗಾದ್ರೆ ನಾವ್ ಸುಳ್ ಏಳಿಲ್ವಾ ಮೇಡಂ?"

ಸುಳ್ಳೇ ಹೇಳಿದ್ದು, ಆದರೆ ಸರಿಯಾದ ಜಾಗದಲ್ಲಿ ಹೇಳಿದ್ದೀರಿ ಎಂದೆ. ಶನಿವಾರದ ತರಗತಿ ಹಾಗಾದರೆ ಇರುವುದಿಲ್ಲವೇ ಎಂದು ಅವಳು ಮೇಷ್ಟ್ರ ಕಡೆ ನೋಡಿದಳು. ನಾಗರಾಜಪ್ಪನವರು ಅವಳನ್ನು ನೋಡಲಿಲ್ಲ, ಇರುತ್ತದೆ ಎಂದಷ್ಟೇ ಹೇಳಿದರು. ಸೆಲ್ವಂ, ನೀರಿನದೇ ತೊಂದರೆ ಎಂದು ತಾನು ಮೊದಲೇ ಹೇಳಿದ್ದೆನಲ್ಲ ಎಂದು ಎರಡು ಸಲ ನೆನಪಿಸಿದರು.

ಮೇಲಧಿಕಾರಿಗಳಿಗೆ ಹೊಸ ವರದಿ ಹೋಯಿತು. 'ದೂರಿನ ಕಾರಣ' ಎಂಬ ಕಾಲಂನಲ್ಲಿ 'ವಿದ್ಯಾರ್ಥಿಗಳ ಪಾದಗಳ ಲಯಬದ್ಧ ಚಲನೆ' ಎಂದು ಬರೆದಿದ್ದೆ. ಕಾರ್ಯಪಾಲಕ ಇಂಜಿನಿಯರ್ ಫೋನ್ ಮಾಡಿ, ಇದು ಕಟ್ಟಡದ ವರದಿಯೋ ಡ್ಯಾನ್ಸ್ ಕ್ಲಾಸಿನ ವರದಿಯೋ ಎಂದು ವಿಚಾರಿಸಿದರು. ಪೂರ್ತಿ ಕೇಳಿದ ಮೇಲೆ, ಶಾಲೆಯನ್ನು ಸ್ಥಳಾಂತರಿಸದೆಯೇ ದುರಸ್ತಿ ಮಾಡಬಹುದೇ ಎಂದು ಕೇಳಿದರು. ಮಾಡಬಹುದು ಎಂದೆ. ಮಾಡಿದೆವು. ದಸರಾ ರಜೆಯಲ್ಲಿ ಆ ತೊಲೆಯನ್ನು ತೆಗೆದು ಉಕ್ಕಿನ ಐ-ಸೆಕ್ಷನ್ ತೊಲೆ ಕೂರಿಸಿದೆವು, ಒಡೆದ ಕೊಳವೆ ಬದಲಾಯಿಸಿದೆವು, ಉಳಿದ ತೊಲೆಗಳ ತುದಿಗಳನ್ನೂ ಬಿಚ್ಚಿ ನೋಡಿದೆವು. ಒಂದು ಮಗುವಿನ ಹೆಸರೂ ಹಾಜರಿಯಿಂದ ಹೋಗಲಿಲ್ಲ.

ದುರಸ್ತಿಯಾದ ನೆಲಕ್ಕೆ ಲೋಡ್ ಟೆಸ್ಟ್ ಮಾಡಬೇಕು. ಅಂದರೆ ಮರಳಿನ ಮೂಟೆಗಳನ್ನು ಪೇರಿಸಿ, ಒಂದು ದಿನ ಹಾಗೇ ಬಿಟ್ಟು, ತೊಲೆ ಎಷ್ಟು ಬಾಗಿತು, ಮೂಟೆ ಇಳಿಸಿದ ಮೇಲೆ ಎಷ್ಟು ಮೇಲೆ ಬಂತು ಎಂದು ಡಯಲ್ ಗೇಜಿನಲ್ಲಿ ಅಳೆಯುವುದು. ಫಲಿತಾಂಶ ಬೇಕಾದ ಮಿತಿಗಿಂತ ಚೆನ್ನಾಗಿತ್ತು. ನಿಯಮದ ಪ್ರಕಾರ ಅಲ್ಲಿಗೆ ಕೆಲಸ ಮುಗಿಯಬೇಕು. ನನಗೆ ಸಮಾಧಾನವಾಗಲಿಲ್ಲ. ಶಾಲೆ ಮತ್ತೆ ಶುರುವಾದ ದಿನ ಏಳನೇ ತರಗತಿಯವರನ್ನು ಮೇಲೆ ಕೂರಿಸಿ, ಚಪ್ಪಲಿ ಬಿಡಿಸಿ, ನಿಮ್ಮ ಕೈಲಾದಷ್ಟು ಕುಟ್ಟಿ ಎಂದೆ. ಮೇಷ್ಟ್ರ ಎದುರಿಗೆ ಅವರಿಗೆ ಮೊದಲು ಕಾಲೇ ಏಳಲಿಲ್ಲ. ಕೊನೆಗೆ ನಾಗರಾಜಪ್ಪನವರೇ ಸ್ಕೇಲಿನಿಂದ ಮೇಜು ತಟ್ಟಿ ತಾಳ ಕೊಟ್ಟರು. ಐದು ನಿಮಿಷ ಹದಿನೆಂಟು ಜನ ಬೆವರು ಸುರಿಸಿ ಕುಟ್ಟಿದರು, ಆಮೇಲೆ ಮೇಷ್ಟ್ರೂ ಚಪ್ಪಲಿ ಬಿಟ್ಟು ಸೇರಿಕೊಂಡರು. ಕೆಳಗಿದ್ದ ಡಯಲ್ ಗೇಜಿನ ಮುಳ್ಳು ಒಂದೆರಡು ಗೆರೆಯ ಆಚೆ ಸರಿಯಲೇ ಇಲ್ಲ. ಸೆಲ್ವಂ ಕೆಳಗಿನಿಂದ ಹಾಗೆಂದು ಕೂಗಿದಾಗ ಮಕ್ಕಳಿಗೆ ಸಂತೋಷವಾಯಿತೋ ಬೇಸರವಾಯಿತೋ ನಾನು ಹೇಳಲಾರೆ.

ನಿವೃತ್ತಿಯಾಗುವ ತನಕ ನನ್ನ ಕೈಕೆಳಗೆ ಬಂದ ಕಿರಿಯ ಇಂಜಿನಿಯರ್‌ಗಳಿಗೆಲ್ಲ ಈ ಪ್ರಕರಣವನ್ನು ಹೇಳುತ್ತಿದ್ದೆ. ಮೊದಲ ದಿನ ಏಣಿ ತರಿಸದ ನನ್ನ ಸೋಮಾರಿತನವನ್ನು ಸೇರಿಸಿಯೇ ಹೇಳುತ್ತಿದ್ದೆ. ನಮ್ಮ ಕೆಲಸದಲ್ಲಿ ದೂರು ಸುಳ್ಳೆಂದು ಗೊತ್ತಾದ ಗಳಿಗೆ ಬಹಳ ಹಿತವಾದದ್ದು. ಫೈಲು ಮುಚ್ಚಬಹುದು, ಮನೆಗೆ ಹೋಗಬಹುದು. ನಾನು ಆ ಗಳಿಗೆಯಲ್ಲಿ ನಾಲ್ಕು ದಿನ ಆರಾಮವಾಗಿ ಇದ್ದೆ, ಅದರಲ್ಲಿ ಶಾಲೆಯಿದ್ದ ದಿನವೆಲ್ಲ ಮಕ್ಕಳು ಆ ತೊಲೆಯ ಕೆಳಗೇ ಅಕ್ಷರ ತಿದ್ದುತ್ತಿದ್ದರು. ಒಂದು ಸುಳ್ಳನ್ನು ಹಿಡಿದ ಮೇಲೂ ಕೇಳಬೇಕಾದ ಪ್ರಶ್ನೆಯೊಂದು ಉಳಿದಿರುತ್ತದೆ: ಇದು ಇಷ್ಟು ಸಲೀಸಾಗಿ ನಡೆದದ್ದು ಹೇಗೆ? ಅದಕ್ಕೆ ಉತ್ತರ ಸಿಗುವವರೆಗೂ ಸಹಿ ಹಾಕಬಾರದು.